ಊರ ಕಡತ: ಚರ್ಚಿನ ಬೆಂಚಿನಲ್ಲಿ ಕೂತವರ ಕಥೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಹೋದ ಸಂಚಿಕೆಯಲ್ಲಿ ನಾನಿರುವ ಇಂಗ್ಲೆಂಡಿನ ಶ್ರಾಪ್‌ಶೈರ್ ಕೌಂಟಿಯ ಮಿಡ್ಲ್ ಎಂಬ ಹಳ್ಳಿಯ ಬಗ್ಗೆ ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ನೀವು ಅಲ್ಲೇ ಹಿಡಿದು ನಿಲ್ಲಿಸಿದ್ದೀರಿ. ಹೊಸ ಓದುಗರಿಗೆ ಒಂದು ಮಾತು: ನಾನು ಇತಿಹಾಸದ ಪ್ರಾಧ್ಯಾಪಕಿಯಲ್ಲ. ತೀರ್ಥಹಳ್ಳಿ ಕಡೆಯವಳು, ಮೂವತ್ತು ವರ್ಷ ಇಲ್ಲಿನ ಔಷಧಿ ಅಂಗಡಿಯೊಂದರಲ್ಲಿ ನಿಂತು ಡಾಕ್ಟರುಗಳ ಅಕ್ಷರ ಓದಿದವಳು. ನಿವೃತ್ತಿಯಾದ ಮೇಲೆ ಪ್ರತಿ ಬುಧವಾರ ದಾಖಲೆ ಕಚೇರಿಗೆ ಹೋಗಿ ಹಳೇ ಚರ್ಚ್ ರಿಜಿಸ್ಟರುಗಳನ್ನು ನಕಲು ಮಾಡುವ ಗುಂಪಿಗೆ ಸೇರಿಕೊಂಡೆ. ಡಾಕ್ಟರ ಅಕ್ಷರ ಬಿಡಿಸಿದವಳಿಗೆ ಪಾದ್ರಿಗಳ ಅಕ್ಷರ ಏನು ಮಹಾ ಅಂದುಕೊಂಡೇ ಹೋದದ್ದು. ಆ ಜಂಬ ಹೇಗೆ ಇಳಿಯಿತು ಅನ್ನುವುದನ್ನು ಕೆಳಗೆ ಒಂದು ಕಡೆ ಹೇಳಿದ್ದೇನೆ.

ಚರ್ಚಿನ ಬೆಂಚುಗಳ ಲೆಕ್ಕದಲ್ಲಿ ಊರಿನ ಚರಿತ್ರೆ ಬರೆದ ಒಬ್ಬನಿದ್ದ ಅಂದಿರಿ. ಯಾರು ಅವನು? ರಾಜ, ಯುದ್ಧ ಬಿಟ್ಟು ಬೆಂಚನ್ನೇ ಯಾಕೆ ಹಿಡಿದ? — ಎಂ.ಎ. ಇತಿಹಾಸ ವಿದ್ಯಾರ್ಥಿ, ಮೈಸೂರು

ಅವನ ಹೆಸರು ರಿಚರ್ಡ್ ಗಾಫ್. ಹುಟ್ಟಿದ್ದು 1635ರಲ್ಲಿ, ತೀರಿಕೊಂಡದ್ದು 1723ರಲ್ಲಿ. ಮಿಡ್ಲ್ ಪ್ಯಾರಿಷ್‌ಗೆ, ಅಂದರೆ ಮಿಡ್ಲ್ ಚರ್ಚಿನ ವ್ಯಾಪ್ತಿಗೆ, ಸೇರಿದ ನ್ಯೂಟನ್ ಆನ್ ದ ಹಿಲ್ ಎಂಬ ಸಣ್ಣ ಊರಲ್ಲಿ ಸ್ವಂತ ಜಮೀನಿದ್ದ ರೈತ. ಹರೆಯದಲ್ಲಿ ದೊಡ್ಡ ಮನುಷ್ಯರೊಬ್ಬರ ಬಳಿ ಗುಮಾಸ್ತಿಕೆ ಮಾಡಿದ್ದರಿಂದ ಕಾಗದಪತ್ರ, ಗೇಣಿ, ಕ್ರಯ ಎಲ್ಲ ಗೊತ್ತಿತ್ತು. ಮಾತುಮಾತಿಗೆ ಲ್ಯಾಟಿನ್ ಗಾದೆ ಉದುರಿಸುವ ಚಪಲವೂ ಇತ್ತು. 1700ರಲ್ಲಿ, ಅರವತ್ತೈದರ ಮೇಲೆ, ಊರಿನ ಬಗ್ಗೆ ಬರೆಯಲು ಕೂತ. ಮೊದಲ ಭಾಗ ಯಾರು ಬೇಕಾದರೂ ಬರೆಯಬಹುದಾದದ್ದು: ಗಡಿ ಎಲ್ಲಿಂದ ಎಲ್ಲಿಗೆ, ಕೋಟೆ ಯಾರದಾಗಿತ್ತು, ಕೆರೆಗಳು ಯಾವುವು, ಪಾದ್ರಿಗಳಾಗಿ ಯಾರು ಯಾರು ಬಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಅವನನ್ನು ಕೇಳುವವರು ಇರುತ್ತಿರಲಿಲ್ಲ.

1701ರಲ್ಲಿ ಎರಡನೇ ಭಾಗಕ್ಕೆ ಕೈಹಾಕಿದ. ಚರ್ಚಿನ ಒಳಗಿನ ಬೆಂಚುಗಳ ನಕ್ಷೆಯನ್ನೇ ಬರೆದ. ಬೆಂಚು ಅಂದರೆ ಶಾಲೆಯ ಬೆಂಚಿನ ಹಾಗಲ್ಲ; ಸುತ್ತ ಹಲಗೆ ಕಟ್ಟಿ, ಒಂದೊಂದು ಮನೆಯವರು ಒಟ್ಟಿಗೆ ಕೂರುವಂತೆ ಮಾಡಿದ ಗೂಡು. ಯಾವ ಬೆಂಚು ಯಾವ ಮನೆಯದು ಅಂತ ಗುರುತು ಹಾಕಿಕೊಂಡು, ಒಂದೊಂದೇ ಬೆಂಚಿನ ಮುಂದೆ ನಿಂತು ಅಲ್ಲಿ ಕೂತವರ, ಅವರಪ್ಪನ, ಅಜ್ಜನ, ಮೈದುನನ ಕಥೆ ಹೇಳುತ್ತಾ ಹೋದ. ಮುಂದಿನ ಸಾಲುಗಳಲ್ಲಿ ಜಮೀನ್ದಾರರು, ನಡುವೆ ರೈತರು, ಹಿಂದೆ ಮತ್ತು ದಕ್ಷಿಣದ ಗೋಡೆ ಪಕ್ಕ ಗುಡಿಸಲುಗಳವರು. ಬೆಂಚಿನ ಕ್ರಮ ಅಂದರೆ ಊರಿನ ಅಂತಸ್ತಿನ ಕ್ರಮ. ಚರ್ಚಿಗೆ ತೆರಿಗೆ ಕೊಡದವರೂ ಚಿಕ್ಕ ಹುಡುಗರೂ ಊರ ಹಿರಿಯರಿಗಿಂತ ಮುಂದೆ ಕೂರುವುದು ಅಸಹ್ಯ ಎಂದು ಸಭೆ ಸೇರಿ ಜಗಳ ಬಗೆಹರಿಸಿದ್ದನ್ನೂ ಅವನೇ ಬರೆದಿಟ್ಟಿದ್ದಾನೆ. ಜಾತ್ರೆಯಲ್ಲಿ ಮೊದಲ ತೀರ್ಥ ಯಾರಿಗೆ, ಮೊದಲ ಕಾಯಿ ಯಾರದು ಅಂತ ಹೊಡೆದಾಟ ನೋಡಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಯಾಕೆ ಬೆಂಚನ್ನೇ ಹಿಡಿದ ಅಂದಿರಲ್ಲ. ಬೆಂಚು ಮನುಷ್ಯನಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. ಮನೆ ಮಾರಿ ಹೋದರೆ ಬೆಂಚು ಅಲ್ಲೇ ಉಳಿಯುತ್ತದೆ, ಬಂದವನು ಕೂರುತ್ತಾನೆ. ಹಾಗಾಗಿ ಒಂದು ಬೆಂಚಿನ ಕಥೆ ಹೇಳಿದರೆ ಒಂದು ವಂಶದ ಕಥೆಯಲ್ಲ, ಆ ಒಲೆಯ ಮುಂದೆ ಕೂತು ಎದ್ದ ನಾಲ್ಕಾರು ವಂಶಗಳ ಕಥೆ ಸಿಗುತ್ತದೆ. ನನ್ನ ಪಕ್ಕದ ಹೊಲದ ಮುದುಕರೊಬ್ಬರನ್ನು ಯಾರ ಬಗ್ಗೆ ಕೇಳಿದರೂ ಮೊದಲು ಬರುವುದು ಹೊಲಮನೆಯ ಹೆಸರು, ಆಮೇಲೆ ಬೇಕಾದರೆ ಮನುಷ್ಯನ ಹೆಸರು. ನಮ್ಮ ಕಡೆ ‘ಮೇಲಿನಮನೆಯವರು’, ‘ಹೊಳೆಬಾಗಿಲಿನವರು’ ಅಂದ ಹಾಗೇ. ವಂಶವೃಕ್ಷ ಬರೆಸಿಕೊಳ್ಳಲು ಹಣ ಕೊಡುವವರು ಇಲ್ಲಿ ತುಂಬ. ಆದರೆ ಹಳ್ಳಿಯ ಹಳೇ ಕಾಗದ ರಕ್ತಸಂಬಂಧ ಹಿಡಿದು ಹೋಗುವುದು ಕಡಿಮೆ. ಮನೆ ಯಾವುದು, ತೆರಿಗೆ ಎಷ್ಟು, ಬಡತನ ಬಂದರೆ ಹೊಣೆ ಯಾರದು, ಇದನ್ನು ಹಿಡಿದು ಹೋಗುತ್ತದೆ. ಗಾಫ್‌ಗೆ ಇದು ಹುಟ್ಟಿನಿಂದ ಗೊತ್ತಿತ್ತು.

ಒಂದು ಬೆಂಚನ್ನು ಹತ್ತಿರದಿಂದ ನೋಡೋಣ. ಬಾಲ್ಡರ್‌ಟನ್‌ನ ಥಾಮಸ್ ಹೇವರ್ಡ್. ನೋಡಲು ಲಕ್ಷಣವಂತ, ಓದುಬರಹ ಬಲ್ಲವ, ಬೇಸಾಯದಲ್ಲಿ ಪಳಗಿದವ. ಕೆಲವರು ಆಣೆ ಮಾಡಿ ಹೇಳಿದ್ದಕ್ಕಿಂತ ಇವನು ಸುಮ್ಮನೆ ಹೇಳಿದ ಮಾತಿಗೆ ಬೆಲೆ ಹೆಚ್ಚಿತ್ತಂತೆ. ಅಪ್ಪ ಬಿಟ್ಟುಹೋದ ನ್ಯೂಟನ್ನಿನ ಜಮೀನು 30 ಪೌಂಡಿನದು, ಅದರ ಜೊತೆ ಬಾಲ್ಡರ್‌ಟನ್ನಿನ ಗೇಣಿ, ಚಿಕ್ಕಪ್ಪನ ಕಡೆಯಿಂದ ಇನ್ನೂ 8 ಪೌಂಡಿನದು. ಮದುವೆಯಾದದ್ದು ಷ್ರೂಸ್‌ಬರಿ ಪೇಟೆಯ ಶಾಲಾಮಾಸ್ತರರ ಮಗಳನ್ನು; ಅವಳ ಜೊತೆ ಹಣವೂ ಬಂತು, ಪೇಟೆಯಲ್ಲಿ ಬಾಡಿಗೆ ಬರುವ ಮನೆಗಳೂ ಬಂದವು. ಚೆಲುವೆ, ಆದರೆ ಪೇಟೆಯಲ್ಲಿ ಬೆಳೆದವಳು, ಹಳ್ಳಿ ಬಾಳಿಗೆ ಒಗ್ಗದವಳು, ಮೇಲಾಗಿ ನಾಲಿಗೆ ಹರಿತ ಅನ್ನುತ್ತಾನೆ ಗಾಫ್. ಮನೆಯಲ್ಲಿ ನೆಮ್ಮದಿ ಇಲ್ಲದ್ದರಿಂದ ಹೇವರ್ಡ್ ಬರೀ ಹೊಟ್ಟೆಗೆ ಒಂದಿಷ್ಟು ಹಾಕಿಕೊಳ್ಳಲೆಂದು ಹೆಂಡದಂಗಡಿಗೆ ಹೋಗುತ್ತಿದ್ದ. ಎಲ್ಲರಿಗೂ ಬೇಕಾದವನಾದ್ದರಿಂದ ಅಲ್ಲಿ ಕಂಪನಿ ಸಿಗುತ್ತಿತ್ತು, ಹೊತ್ತು ಮೀರುತ್ತಿತ್ತು. ಆಸ್ತಿ ಕರಗಿದ್ದು ಅವರಿಬ್ಬರಿಗೂ ತಿಳಿಯಲೇ ಇಲ್ಲ.

ಇಷ್ಟು ಓದಿದಾಗ ಗಾಫ್ ಎಂಥ ಮನುಷ್ಯ ಅಂತ ಗೊತ್ತಾಗುತ್ತದೆ. ‘ಬರೀ ಹೊಟ್ಟೆಗೆಂದು ಹೋಗುತ್ತಿದ್ದ’ ಅನ್ನುವಲ್ಲಿ ಅವನ ತುಟಿಯಂಚಿನ ನಗು ಕಾಣುತ್ತದೆ. ಆದರೆ ಮಾಸ್ತರರ ಮಗಳ ಕಡೆಯ ಕಥೆಯನ್ನು ಯಾರೂ ಕೇಳಿದ ಹಾಗಿಲ್ಲ. ಪೇಟೆಯಿಂದ ಬಂದು, ಕೆಸರು, ದನ, ಗಂಡನ ಗೆಳೆಯರ ನಡುವೆ ಕೂತ ಆ ಹೆಂಗಸು ತಂದ ಹಣವೂ ಅದೇ ಹೆಂಡದಂಗಡಿಯ ದಾರಿ ಹಿಡಿದಿರಬೇಕಲ್ಲ! ನಾಲಿಗೆ ಹರಿತವಾಗದೆ ಇನ್ನೇನಾಗುತ್ತದೆ? ಗಾಫ್ ನನಗೆ ಇಷ್ಟ. ನೆರೆಮನೆಯಲ್ಲಿ ಮಾತ್ರ ಬೇಡ.

ಯುದ್ಧ ಬಿಟ್ಟ ಅಂದಿರಿ. ಬಿಟ್ಟಿಲ್ಲ, ಊರಿನ ಕಡೆಯಿಂದ ನೋಡಿದ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ಅವನಿಗೆ ಎಂಟೊಂಬತ್ತು ವರ್ಷ ಅಂತ ಅವನೇ ಹೇಳುತ್ತಾನೆ. ಹದಿನಾರರಿಂದ ಅರವತ್ತರವರೆಗಿನ ಗಂಡಸರೆಲ್ಲ ಮಿಡ್ಲ್ ಗುಡ್ಡಕ್ಕೆ ಬರಬೇಕು ಅಂತ ಆಜ್ಞೆ ಹೊರಟಿತ್ತು. ಹುಡುಗ ಗಾಫ್ ಜಾತ್ರೆ ನೋಡುವ ಹಾಗೆ ನೋಡಲು ಹೋದ. ಗುಡ್ಡದ ಎತ್ತರದ ದಿಬ್ಬದಲ್ಲಿ ಕೈಯಲ್ಲಿ ಕಾಗದ ಹಿಡಿದು ಒಬ್ಬ ನಿಂತಿದ್ದಾನೆ, ಅವನ ಪಕ್ಕ ನೆಲಕ್ಕೆ ಮೂರ್ನಾಲ್ಕು ಈಟಿ ನೆಟ್ಟಿದೆ. ರಾಜನ ಸೈನ್ಯ ಸೇರಿದವರಿಗೆ ವಾರಕ್ಕೆ 14 ಗ್ರೋಟ್ ಸಂಬಳ ಅಂತ ಅವನು ಸಾರಿದ. ಒಂದು ಗ್ರೋಟ್ ಅಂದರೆ 4 ಪೆನ್ನಿ. ಲೆಕ್ಕ ಹಾಕಿದರೆ 4 ಷಿಲಿಂಗ್ 8 ಪೆನ್ನಿ.

ಮಿಡ್ಲ್, ಮಾರ್ಟನ್, ನ್ಯೂಟನ್ ಈ ಮೂರು ಊರುಗಳಿಂದ 20 ಜನ ಹೋದರು, 13 ಜನ ಸತ್ತರು. ಅರವತ್ತು ವರ್ಷದ ಮೇಲೆ ಕೂತು ಒಬ್ಬೊಬ್ಬರ ಹೆಸರನ್ನೂ ಬರೆಯುತ್ತಾನೆ. ರಿಚರ್ಡ್ ಚಲೋನರ್ ಅಂತ ಒಬ್ಬ. ಮದುವೆಯಾಚೆ ಹುಟ್ಟಿದವನು, ಕಮ್ಮಾರನ ಅಣ್ಣತಮ್ಮಂದಿರಲ್ಲೊಬ್ಬನ ಮಗ, ಅರ್ಧಂಬರ್ಧ ಪ್ಯಾರಿಷ್ ಹಾಕಿದ ಧರ್ಮದ ಅನ್ನದಲ್ಲಿ ಬೆಳೆದವನು. ಮೈಕೈ ತುಂಬಿಕೊಂಡ ಹುಡುಗ ಷ್ರೂಸ್‌ಬರಿಗೆ ಹೋಗಿ ಸೈನ್ಯ ಸೇರಿದ, 1642ರ ಅಕ್ಟೋಬರ್ 23ರಂದು ಎಡ್ಜ್‌ಹಿಲ್ ಕಾಳಗಕ್ಕೆ ಹೋದ, ಆಮೇಲೆ ಈ ಸೀಮೆಯಲ್ಲಿ ಅವನ ಸುದ್ದಿ ಕೇಳಿದವರಿಲ್ಲ. ಇನ್ನೊಬ್ಬ ಹೆಂಡದಂಗಡಿಯವನ ತಮ್ಮ. ಯುದ್ಧದಲ್ಲಿ ಸತ್ತ, ಎಲ್ಲಿ ಅಂತ ಹೇಳಲಾರೆ ಅನ್ನುತ್ತಾನೆ. ಮತ್ತೊಬ್ಬನ ಬಗ್ಗೆ ಮುಲಾಜಿಲ್ಲ: ಅಪ್ಪ ಯುದ್ಧಕ್ಕೆ ಮೊದಲೇ ಗಲ್ಲಿಗೇರಿದ, ಮಗ ಯುದ್ಧದಲ್ಲಿ ಏರಬೇಕಾಗಿತ್ತು. ಕೊನೆಗೆ, ಮೂರು ಊರಿಗೇ ಇಷ್ಟಾದರೆ ಇಂಗ್ಲೆಂಡಿನಲ್ಲಿ ಒಟ್ಟು ಎಷ್ಟು ಸಾವಿರ ಸತ್ತಿರಬೇಕು, ನೀವೇ ಊಹಿಸಿ ಅಂತ ಬಿಡುತ್ತಾನೆ. ಎಂ.ಎ. ಓದುತ್ತಿದ್ದೀರಿ, ನಿಮ್ಮ ಪಠ್ಯದಲ್ಲಿ ಎಡ್ಜ್‌ಹಿಲ್ ಇರಬಹುದು. ಪ್ಯಾರಿಷ್ ಅನ್ನ ಉಂಡ ಆ ಹುಡುಗ ಇರುವುದಿಲ್ಲ.

ನಮ್ಮಲ್ಲಿ ಇಂಥದ್ದಿಲ್ಲವೇ ಅಂತಲೂ ಕೇಳಿದ್ದೀರಿ. ಟಿಪ್ಪು ಬಿದ್ದ ಮೇಲೆ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಝಿ ತನ್ನ ಸಹಾಯಕರನ್ನು ಕಳಿಸಿ ಬರೆಸಿದ ಕೈಫಿಯತ್ತುಗಳಿವೆ, ಅಂದರೆ ಊರೂರಿನ ಚರಿತ್ರೆಯ ಹೇಳಿಕೆಗಳು. ಅವು ಸಾಹೇಬರು ಕೇಳಿದರೆಂದು ಹೇಳಿದ್ದು. ಕೇಳಿದವನಿಗೆ ಏನು ಬೇಕು ಅನ್ನುವುದು ಹೇಳುವವನ ತಲೆಯಲ್ಲಿ ಇದ್ದೇ ಇರುತ್ತದೆ. ಗಾಫ್‌ನನ್ನು ಯಾರೂ ಕೇಳಿರಲಿಲ್ಲ. ಅವನು ಸತ್ತು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ, 1834ರಲ್ಲಿ, ಅವನ ಬರಹದ ಒಂದು ಭಾಗ ಮೊದಲ ಸಲ ಅಚ್ಚಾಯಿತು.

ನನ್ನ ಮಗಳು ಇಂಗ್ಲಿಷ್ ಹುಡುಗನನ್ನು ಮದುವೆಯಾಗಿದ್ದಾಳೆ. ಮೊಮ್ಮಗನ ಶಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದಾರೆ. ಅಳಿಯನ ಕಡೆಯ ಹಳೇ ದಾಖಲೆಯಲ್ಲಿ ಒಂದು ಜೋಡಿಯ ಮದುವೆ 1724ರ ಜೂನ್, ಮೊದಲ ಮಗುವಿನ ದೀಕ್ಷಾಸ್ನಾನ 1724ರ ಫೆಬ್ರವರಿ ಅಂತಿದೆ. ಇದನ್ನು ಮಗುವಿನ ಕೈಯಲ್ಲಿ ಬರೆಸುವುದೋ ಬಿಡುವುದೋ? — ಗೃಹಿಣಿ, ಬಸವನಗುಡಿ, ಬೆಂಗಳೂರು

ಧೈರ್ಯವಾಗಿ ಬರೆಸಿ, ಬೀಗರ ಮರ್ಯಾದೆಗೆ ಏನೂ ಆಗಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಮಾರ್ಚ್ 24ರವರೆಗೂ ಹಳೇ ವರ್ಷವೇ. ಆದ್ದರಿಂದ 1724ರ ಜೂನ್ ಮೊದಲು, 1724ರ ಫೆಬ್ರವರಿ ಆಮೇಲೆ! ನಮ್ಮ ಲೆಕ್ಕದಲ್ಲಿ ಅದು 1725ರ ಫೆಬ್ರವರಿ. ಯುಗಾದಿಗೆ ಪಂಚಾಂಗ ಬದಲಿಸುವ ನಮಗೆ ಇದೇನು ಹೊಸದಲ್ಲ. ಜನವರಿಯಲ್ಲಿ ಸಂವತ್ಸರದ ಹೆಸರು ಕೇಳಿದರೆ ನಾವೂ ಹಳೆಯದನ್ನೇ ಹೇಳುತ್ತೇವೆ.

ಜನವರಿ 1ಕ್ಕೆ ವರ್ಷ ಶುರುಮಾಡಿದ್ದು 1752ರಿಂದ. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನ 14 ಅಂತ ಎಣಿಸಿ 11 ದಿನ ಹಾರಿಸಿದರು. ಹಾಗಾಗಿ ವಂಶವೃಕ್ಷದಲ್ಲಿ 1752ಕ್ಕೆ ಹಿಂದಿನ ಜನವರಿ, ಫೆಬ್ರವರಿ, ಮಾರ್ಚ್ ತಾರೀಕು ಬಂದರೆ 1724/25 ಅಂತ ಎರಡೂ ವರ್ಷ ಬರೆಯುವುದು ಇಲ್ಲಿನವರ ರೂಢಿ. ಮೊಮ್ಮಗನಿಗೂ ಹಾಗೇ ಬರೆಯಲು ಹೇಳಿ, ಟೀಚರ್ ಬೆರಗಾಗುತ್ತಾರೆ.

ಜೂನ್‌ನಿಂದ ಫೆಬ್ರವರಿಗೆ ಎಂಟೇ ತಿಂಗಳಲ್ಲವೇ ಅಂತ ನೀವು ಬೆರಳು ಮಡಚುತ್ತಿರುವುದು ನನಗೆ ಇಲ್ಲಿಗೇ ಕಾಣಿಸುತ್ತಿದೆ. ಅಷ್ಟೊಂದು ಎಣಿಸಬೇಡಿ.

ಒಂದು ವಿಷಯ ನೆನಪಿರಲಿ. ರಿಜಿಸ್ಟರಿನಲ್ಲಿರುವುದು ದೀಕ್ಷಾಸ್ನಾನದ ದಿನ, ಹುಟ್ಟಿದ ದಿನವಲ್ಲ. ಹುಟ್ಟು ಸಾವುಗಳನ್ನು ಸರ್ಕಾರ ದಾಖಲು ಮಾಡಲು ಶುರುಮಾಡಿದ್ದು 1837ರ ಜುಲೈ 1ರಿಂದ. ಅದಕ್ಕೂ ಹಿಂದೆ ಹೋಗಬೇಕಾದರೆ ಚರ್ಚ್ ರಿಜಿಸ್ಟರೇ ಗತಿ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಮಾಡಿ ಪ್ರತಿ ಪ್ಯಾರಿಷ್‌ನಲ್ಲೂ ಇಂಥ ಪುಸ್ತಕ ಇಡಿಸಿದ. ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕು, ಒಂದು ಬೀಗದ ಕೈ ಪಾದ್ರಿಗೆ, ಇನ್ನೊಂದು ಚರ್ಚ್ ವಾರ್ಡನ್‌ಗೆ. ಆಮೇಲೆ ಅದೂ ಸಾಲದೆಂದು ಮೂರು ಬೀಗ ಮಾಡಿದರು. ಬ್ಯಾಂಕಿನ ಲಾಕರಿಗೇ ಎರಡು ಕೈ, ನೋಡಿ.

ಮಗನ ಮನೆಗೆ ಬಂದಾಗ ಹಳ್ಳಿಯಲ್ಲಿ ‘ಪ್ಯಾರಿಷ್ ಕೌನ್ಸಿಲ್’ ಎಂಬ ಬೋರ್ಡು ನೋಡಿದೆ. ಪ್ಯಾರಿಷ್ ಅಂದರೆ ಚರ್ಚಿನ ವ್ಯಾಪ್ತಿಯೋ, ಗ್ರಾಮ ಪಂಚಾಯಿತಿಯೋ? — ನಿವೃತ್ತ ಶಿಕ್ಷಕರು, ಶಿರಸಿ

ಹಿಂದೆ ಎರಡೂ ಒಂದೇ, ಈಗ ಎರಡು ಬೇರೆ. ಒಂದು ಚರ್ಚು, ಒಬ್ಬ ಪಾದ್ರಿ, ಅವರಿಗೆ ದಶಮಾಂಶ ಕೊಡುವ ಹೊಲಮನೆಗಳು, ಇಷ್ಟು ಸೇರಿ ಪ್ಯಾರಿಷ್. ಪಾದ್ರಿಗಳು ನಿಲುವಂಗಿ ತೊಡುವ ಕೋಣೆಗೆ ವೆಸ್ಟ್ರಿ ಅನ್ನುತ್ತಾರೆ. ಊರ ಸಭೆ ಅಲ್ಲಿ ಸೇರುತ್ತಿದ್ದದ್ದರಿಂದ ಸಭೆಗೂ ಅದೇ ಹೆಸರು ಬಂತು. ರಸ್ತೆ, ಬಡವರ ಅನ್ನ, ಕಳ್ಳರನ್ನು ಹಿಡಿಯುವುದು ಎಲ್ಲ ಆ ಸಭೆಯ ತಲೆಗೇ. ಆಯ್ಕೆಯಾದವರಿಗೆ ಸಂಬಳವಿಲ್ಲ. ರಸ್ತೆ ರಿಪೇರಿಗೆ ಊರವರು ವರ್ಷಕ್ಕೆ ಆರು ದಿನ ಬಿಟ್ಟಿ ದುಡಿಯಬೇಕಿತ್ತು. ಆ ಕಾನೂನು 1835ರವರೆಗೂ ನಡೆಯಿತು. 1894ರ ಕಾಯ್ದೆ ಬಂದು ಚರ್ಚಿನ ಕೆಲಸ ಚರ್ಚಿಗೆ, ಊರಿನ ಕೆಲಸ ಚುನಾಯಿತ ಪ್ಯಾರಿಷ್ ಕೌನ್ಸಿಲಿಗೆ ಅಂತ ಬೇರೆ ಮಾಡಿತು. ನೀವು ನೋಡಿದ ಬೋರ್ಡು ಈ ಎರಡನೆಯದರದ್ದು. ನಮ್ಮ ಪಂಚಾಯಿತಿಗೆ ಹೋಲಿಸಿದರೆ ಅಧಿಕಾರ ತೀರಾ ಕಡಿಮೆ. ಕಾಲುದಾರಿ, ಆಟದ ಬಯಲು, ಸ್ಮಶಾನ, ಬಸ್ ನಿಲ್ದಾಣದ ಸೂರು. ಸಭೆಗೆ ಒಂದು ಸಲ ಹೋಗಿ ಕೂತಿದ್ದೆ. ನಾಯಿ ಹೇಲಿನ ಬಗ್ಗೆ ಮುಕ್ಕಾಲು ಗಂಟೆ ಚರ್ಚೆಯಾಯಿತು.

ರಜೆಯಲ್ಲಿ ಅಲ್ಲಿದ್ದಾಗ ಗೆಳತಿಯೊಬ್ಬಳ ಮನೆತನದ ಹಳೇ ರಿಜಿಸ್ಟರಿನ ಫೋಟೋ ನೋಡಿದೆ. 1785ರ ದೀಕ್ಷಾಸ್ನಾನದ ಸಾಲಿನ ಪಕ್ಕ ‘ಪಿ’ ಎಂಬ ಒಂಟಿ ಅಕ್ಷರವಿತ್ತು. ಪ್ರಾಟೆಸ್ಟೆಂಟ್ ಅಂತಲೇ? — ಉಪನ್ಯಾಸಕಿ, ಧಾರವಾಡ

ಅಲ್ಲ, ‘ಪಾಪರ್’, ಅಂದರೆ ಪ್ಯಾರಿಷ್ ಹಾಕುವ ಧರ್ಮದ ಅನ್ನದಲ್ಲಿ ಬದುಕುವ ನಿರ್ಗತಿಕ. 1783ರಿಂದ 1794ರವರೆಗೆ ರಿಜಿಸ್ಟರಿನ ಒಂದೊಂದು ದಾಖಲೆಗೂ 3 ಪೆನ್ನಿ ತೆರಿಗೆ ಇತ್ತು. ಹುಟ್ಟಿದರೂ, ಮದುವೆಯಾದರೂ, ಸತ್ತರೂ. ನಿರ್ಗತಿಕರಿಗೆ ಮಾಫಿ. ಅದಕ್ಕೆ ಆ ಗುರುತು. ಆದರೆ ಆ ಹತ್ತು ಚಿಲ್ಲರೆ ವರ್ಷದ ‘ಪಿ’ಯನ್ನು ಪೂರ್ತಿ ನಂಬಬೇಡಿ. ಕಾಸು ಉಳಿಸಲು ‘ಬಡವ ಅಂತ ಬರೆದುಕೊಳ್ಳಿ’ ಅಂದವರೂ ಇದ್ದರು, ಬರೆದುಕೊಂಡ ಕರುಣಾಳು ಪಾದ್ರಿಗಳೂ ಇದ್ದರು. ತೆರಿಗೆ ಹೋದ ಮೇಲೆ ದೀಕ್ಷಾಸ್ನಾನಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿದರೆ, ಅಲ್ಲಿಯವರೆಗೆ ಕಾದು ಕೂತು ಮೂರ್ನಾಲ್ಕು ಮಕ್ಕಳನ್ನು ಒಟ್ಟಿಗೆ ಕರೆತಂದಿದ್ದಾರೆ ಅಂತ ತಿಳಿಯಬೇಕು.

ಬಡವರ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಹಳ್ಳಿಯ ಕಾಗದದಲ್ಲಿ ಅತಿ ಹೆಚ್ಚು ವಿವರ ಸಿಗುವುದು ಇವರದ್ದೇ. 1601ರ ಕಾಯ್ದೆ ಪ್ರಕಾರ ತನ್ನ ಬಡವರಿಗೆ ಅನ್ನ ಹಾಕುವುದು ಆಯಾ ಪ್ಯಾರಿಷ್‌ನ ಹೊಣೆ. ಅದಕ್ಕೆ ರೈತರ ಮೇಲೆ ತೆರಿಗೆ. ‘ತನ್ನ’ ಅಂದರೆ ಯಾರು ಅನ್ನುವುದೇ ಜಗಳ. 1662ರ ಕಾಯ್ದೆ ಬಂತು: ವರ್ಷಕ್ಕೆ 10 ಪೌಂಡ್ ಬಾಡಿಗೆಗಿಂತ ಕಡಿಮೆಯ ಮನೆಗೆ ಹೊಸಬರು ಬಂದರೆ, ನಾಳೆ ನಮ್ಮ ತಲೆಗೆ ಬೀಳಬಹುದು ಅನ್ನಿಸಿದರೆ, 40 ದಿನದೊಳಗೆ ದೂರು ಕೊಟ್ಟು ಅವರ ಊರಿಗೆ ಅಟ್ಟಬಹುದು. ಮದುವೆಯಾಗದ ಆಳು ಒಂದು ಪೂರ್ತಿ ವರ್ಷ ದುಡಿದರೆ ಆ ಊರಿನವನಾಗುತ್ತಾನೆ ಅಂತಲೂ ಆಮೇಲೆ ಕಾನೂನಾಯಿತು. ರೈತರು ಏನು ಮಾಡಿದರು ಗೊತ್ತೇ? 51 ವಾರಕ್ಕೆ ಆಳು ಹಿಡಿದರು. ಗಂಡನಿಲ್ಲದ ಬಸುರಿಯರನ್ನು, ಹೆರಿಗೆಗೆ ಮುಂಚೆ ಗಾಡಿಗೆ ಹತ್ತಿಸಿ ಗಡಿ ದಾಟಿಸಿದರು. ಮದುವೆಯಾಚೆ ಹುಟ್ಟಿದ ಮಗು ಹುಟ್ಟಿದ ಊರಿಗೆ ಸೇರುತ್ತದಲ್ಲ, ಅದಕ್ಕೆ. 1697ರಿಂದ ಧರ್ಮದ ಅನ್ನ ಉಣ್ಣುವವರು ಬಲತೋಳಿನ ಮೇಲೆ ‘ಪಿ’ ಅಕ್ಷರವನ್ನೂ ಪ್ಯಾರಿಷ್‌ನ ಮೊದಲ ಅಕ್ಷರವನ್ನೂ ಕೆಂಪು ಇಲ್ಲವೇ ನೀಲಿ ಬಟ್ಟೆಯಲ್ಲಿ ಹೊಲಿದುಕೊಂಡು ತಿರುಗಬೇಕಿತ್ತು. ಗಾಫ್ ಕೂಡ ತನ್ನ ಪುಸ್ತಕದ ಕೊನೆಯಲ್ಲಿ ಬೇರೆ ಪ್ಯಾರಿಷ್‌ಗಳ ಜೊತೆ ಬಡವರಿಗಾಗಿ ನಡೆದ ವ್ಯಾಜ್ಯಗಳನ್ನು ಸಾಲಾಗಿ ಬರೆದಿದ್ದಾನೆ. ‘ಬಡವರಿಗಾಗಿ’ ಅಂದರೆ ಬಡವರು ಬೇಕೆಂದಲ್ಲ, ಬೇಡವೆಂದು. ಅಂಥ ವಿಚಾರಣೆಯ ಕಾಗದಗಳಲ್ಲಿ ಮನುಷ್ಯ ಹುಟ್ಟಿದ್ದೆಲ್ಲಿ, ಯಾರ ಮನೆಯಲ್ಲಿ ಎಷ್ಟು ಸಂಬಳಕ್ಕೆ ಇದ್ದ, ಯಾವಾಗ ಮದುವೆಯಾದ, ಎಷ್ಟು ಮಕ್ಕಳು ಎಲ್ಲ ಅವನ ಬಾಯಿಂದಲೇ ಇದೆ. ಹೊಟ್ಟೆ ತುಂಬಿದವನ ಬಗ್ಗೆ ಮೂರು ಸಾಲು: ಸ್ನಾನ, ಮದುವೆ, ಹೂಳಿದ್ದು. ನಿಮ್ಮ ಗೆಳತಿಗೆ ‘ಪಿ’ ನೋಡಿ ಬೇಜಾರಾಗಿದ್ದರೆ, ಅವಳ ಹುಡುಕಾಟ ಸುಲಭವಾಯಿತು ಅಂತ ಹೇಳಿ. ದಾಖಲೆ ಕಚೇರಿಯಲ್ಲಿ ಆ ಪ್ಯಾರಿಷ್‌ನ ಬಡವರ ಮೇಲ್ವಿಚಾರಕರ ಲೆಕ್ಕದ ಪುಸ್ತಕ ಕೇಳಲಿ. ಒಂದು ಜೊತೆ ಬೂಟಿಗೆ ಕೊಟ್ಟ ಕಾಸಿನ ಪಕ್ಕ ಅವಳ ಮುತ್ತಜ್ಜನ ಅಜ್ಜನ ಹೆಸರು ಇದ್ದರೂ ಇರಬಹುದು.

ಮೊದಲು ಹೇಳಿದ ಜಂಬದ ಕಥೆ ಈಗ. ಮೊದಲ ಬುಧವಾರ ನನಗೆ ಕೊಟ್ಟದ್ದು 1600ರ ದಶಕಗಳ ಒಂದು ಸಣ್ಣ ರಿಜಿಸ್ಟರು. ಚರ್ಮದ ಹಾಳೆ, ಕಂದಿದ ಶಾಯಿ. ಸ್ಪಂಜಿನ ದಿಂಬಿನ ಮೇಲೆ ಪುಸ್ತಕ ಮಲಗಿಸಿ, ಹಾಳೆ ಏಳದಂತೆ ಬಟ್ಟೆಯಲ್ಲಿ ಹೊಲಿದ ಸೀಸದ ಗುಂಡಿನ ಸರ ಇಟ್ಟುಕೊಂಡು, ಪೆನ್ಸಿಲ್ಲಿನಲ್ಲಿ ಬರೆಯುವುದು. ಸತ್ತವರ ಪಟ್ಟಿಯಲ್ಲಿ ‘ವಿಡ್. ಹಿಲ್’, ‘ವಿಡ್. ಜೋನ್ಸ್’ ಅಂತ ಮತ್ತೆ ಮತ್ತೆ ಬರುತ್ತಿತ್ತು. ವಿಡ್ ಎಂಬುದು ಆ ಕಾಲದ ಹೆಂಗಸರ ಹೆಸರು ಅಂದುಕೊಂಡು ಮೂರು ವಾರ ಹಾಗೇ ಹೆಸರಿನ ಕಾಲಮ್ಮಿನಲ್ಲಿ ತುಂಬಿಸಿದೆ. ಆಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು: ಊರಲ್ಲಿ ಇಷ್ಟೊಂದು ವಿಡ್‌ಗಳು ಸಾಯುತ್ತಾರೆ, ಆದರೆ ವಿಡ್ ಅಂತ ಒಂದು ಮಗುವಿಗೂ ದೀಕ್ಷಾಸ್ನಾನ ಆಗಿಲ್ಲ. ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿದೆ. ಅವರು ಕನ್ನಡಕ ತೆಗೆದು, ಬಹಳ ಮೃದುವಾಗಿ, ‘ವಿಡುವಾ’, ಲ್ಯಾಟಿನ್ನಿನಲ್ಲಿ ಗಂಡ ಸತ್ತವಳು ಅಂದರು. ವಿಧವೆ! ಎರಡೂ ಒಂದೇ ಬೇರಿನ ಮಾತು. ಅಲ್ಲಿ ಕೂತ ಎಂಟು ಜನರಲ್ಲಿ ಸಂಸ್ಕೃತದ ಆ ಶಬ್ದ ದಿನಾ ಆಡುವ ಭಾಷೆಯವಳು ನಾನೊಬ್ಬಳೇ. ಮೂರು ವಾರದ ಹಾಳೆಗಳನ್ನು ರಬ್ಬರು ಹಾಕಿ ತಿದ್ದಿದೆ.

ತಿದ್ದುವಾಗ ಇನ್ನೊಂದು ತಿಳಿಯಿತು. ಹೆಸರಿನ ಕಾಲಮ್ಮು ಈಗ ಖಾಲಿ ಬಿಡಬೇಕಾಯಿತು. ಗಂಡನ ಮನೆಯ ಹೆಸರು ಬಿಟ್ಟರೆ ಆ ಹೆಂಗಸಿನ ಸ್ವಂತ ಹೆಸರನ್ನು ಬರೆದವನು ಕೇಳಿಯೇ ಇರಲಿಲ್ಲ.

ಭಾರತದಲ್ಲಿ ಬ್ರಿಟಿಷರ ಬೇರು ಊರಿದ ಕ್ಲೈವ್ ನಿಮ್ಮ ಕಡೆಯವನಂತೆ. ಅವನ ಸಮಾಧಿ ಇದೆಯೇ? — ಬ್ಯಾಂಕ್ ಉದ್ಯೋಗಿ, ಮಂಗಳೂರು

ನಮ್ಮ ಕೌಂಟಿಯವನೇ. 1725ರಲ್ಲಿ ಮೋರ್ಟನ್ ಸೇ ಎಂಬ ಪುಟ್ಟ ಪ್ಯಾರಿಷ್‌ನ ಸ್ಟೈಚ್ ಮನೆಯಲ್ಲಿ ಹುಟ್ಟಿದ, 1774ರಲ್ಲಿ ಲಂಡನ್ನಿನಲ್ಲಿ ಸತ್ತ, ಅದೇ ಹಳ್ಳಿಯ ಸೇಂಟ್ ಮಾರ್ಗರೆಟ್ ಚರ್ಚಿನೊಳಗೆ ಹೂಳಿದರು. ಹೂಳಿದ ಜಾಗಕ್ಕೆ ಕಲ್ಲಿಲ್ಲ, ಗುರುತಿಲ್ಲ. ಗೋಡೆಯ ಮೇಲೆ ಒಂದು ಸಣ್ಣ ಫಲಕವಿದೆ, ‘ಇಂಡೀಸ್‌ನಲ್ಲಿ ಮೊದಲಿಗ’ ಎಂಬರ್ಥದ ಲ್ಯಾಟಿನ್ ಸಾಲಿನ ಜೊತೆ. ಪ್ಲಾಸಿಯ ಹಣದ ಬಗ್ಗೆ ಆ ಗೋಡೆ ಏನೂ ಹೇಳುವುದಿಲ್ಲ.

ಕರ್ನಾಟಕದವರಿಗೆ ಕ್ಲೈವನಿಗಿಂತ ಅವನ ಮಗನ ಮನೆ ನೋಡುವುದು ಮೇಲು. ಮಗ ಎಡ್ವರ್ಡ್ ಕ್ಲೈವ್ ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಮದರಾಸಿನ ಗವರ್ನರಾಗಿದ್ದ. ಹೆಂಡತಿ ಹೆನ್ರಿಯೆಟ್ಟಾ ಮರುವರ್ಷ ಹೆಣ್ಣುಮಕ್ಕಳನ್ನು ಕರೆದುಕೊಂಡು ಮೈಸೂರು ಸೀಮೆ ಸುತ್ತಿದಳು. ಟಿಪ್ಪುವಿನ ಹೂಬಳ್ಳಿಯ ಚಿತ್ತಾರದ ಡೇರೆ ಇವತ್ತಿಗೂ ಅವರ ಪೊವಿಸ್ ಕೋಟೆಯಲ್ಲಿದೆ. ನಮ್ಮ ಗಡಿ ದಾಟಿ ವೇಲ್ಸ್‌ನ ವೆಲ್ಷ್‌ಪೂಲ್ ಹತ್ತಿರ.

ಮುಂದಿನ ತಿಂಗಳು ಮಗಳ ಮನೆಗೆ ಬರುತ್ತಿದ್ದೇವೆ. ಮಿಡ್ಲ್ ನೋಡಲು ಹೋಗಬಹುದೇ? ಏನಿದೆ ಅಲ್ಲಿ? — ದಂಪತಿ, ದಾವಣಗೆರೆ

ಹೋಗಬಹುದು, ಏನೂ ಇಲ್ಲ ಅನ್ನುವುದಕ್ಕೆ ಸಿದ್ಧವಾಗಿ ಹೋಗಿ. ಷ್ರೂಸ್‌ಬರಿಯಿಂದ ಉತ್ತರಕ್ಕೆ, ಎಲ್ಸ್‌ಮಿಯರ್ ರಸ್ತೆಯಲ್ಲಿ, ಏಳೆಂಟು ಮೈಲಿ. ಕೋಟೆ ಅಂತ ಉಳಿದಿರುವುದು ಒಂದು ಮೆಟ್ಟಿಲು ಗೋಪುರದ ಮೋಟು, ಕೆಂಪು ಮರಳುಗಲ್ಲಿನದು. ಸೇಂಟ್ ಪೀಟರ್ ಚರ್ಚಿನ ಗೋಪುರ 1630ರ ದಶಕದ್ದು, ಗಾಫ್ ಹುಟ್ಟಿದ ಕಾಲದ್ದು. ಉಳಿದ ಕಟ್ಟಡವನ್ನು ಆಮೇಲೆ ಮತ್ತೆ ಕಟ್ಟಿದ್ದಾರೆ, ಅವನು ನಕ್ಷೆ ಬರೆದ ಬೆಂಚುಗಳು ಈಗಿಲ್ಲ. ಮಳೆಯ ಜಿಲ್ಲೆ, ದಾವಣಗೆರೆಯ ಬಿಸಿಲು ಮನಸ್ಸಲ್ಲಿಟ್ಟುಕೊಂಡು ಚಪ್ಪಲಿಯಲ್ಲಿ ಬರಬೇಡಿ. ಕಾಲುದಾರಿಗಳೆಲ್ಲ ಕುರಿ ಹೊಲದೊಳಗೇ ಹೋಗುತ್ತವೆ. ದಾಟಿದ ಮೇಲೆ ಗೇಟು ಹಾಕುವುದು ಮರೆಯಬೇಡಿ.

ಚರ್ಚಿನ ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ, ಎಲ್ಲಿ ಬೇಕಾದರೂ ಕೂರಬಹುದು, ಈಗ ಯಾರೂ ಎಬ್ಬಿಸುವುದಿಲ್ಲ. ನಾನು ಹೋದಾಗಲೆಲ್ಲ ಕೂರುವುದು ಹಿಂದೆ, ದಕ್ಷಿಣದ ಗೋಡೆಯ ಪಕ್ಕ. ಮೂವತ್ತು ವರ್ಷ ತೆರಿಗೆ ಕಟ್ಟಿದ್ದೇನೆ, ಆದರೂ ಮುಂದಿನ ಸಾಲಿಗೆ ಇನ್ನೂ ಕಾಲು ಬಂದಿಲ್ಲ.